ಡಿ ಆಂಡ್ ಡಿ ಪುಸ್ತಕಗಳ ಮೂಲಚಿತ್ರಗಳನ್ನು ಮ್ಯೂಸಿಯಂನಲ್ಲಿ ನೋಡಿದ ಮೇಲೆ

ಇಪ್ಪತ್ತುಮುಖದ ದಾಳ

ಡಿ ಆಂಡ್ ಡಿ ಅಂದರೆ ‘ಡಂಜನ್ಸ್ ಆಂಡ್ ಡ್ರಾಗನ್ಸ್’, ಮೇಜಿನ ಸುತ್ತ ಕೂತು ದಾಳ ಹಾಕುತ್ತಾ ಒಬ್ಬೊಬ್ಬರು ಒಂದು ಪಾತ್ರವಾಗಿ ಆಡುವ ಫ್ಯಾಂಟಸಿ ಆಟ. ಹೋದ ವಾರ ಬೇರೆ ಚರ್ಚೆಯಲ್ಲಿ ಒಬ್ಬರು ಅದರ ಪುಸ್ತಕಗಳ ಬಗ್ಗೆ ‘ಎಲ್ಲಾ ಚಿತ್ರವೂ ಪಿಡಿಎಫ್‌ನಲ್ಲಿ ಇದೆಯಲ್ಲ, ಅದನ್ನ ನೋಡೋಕೆ ಮ್ಯೂಸಿಯಂಗೆ ಯಾಕೆ ಹೋಗಬೇಕು’ ಅಂತ ಕೇಳಿದ್ದರು. ಅಲ್ಲೇ ಉತ್ತರ ಬರೆಯಲು ಕೂತೆ, ಉದ್ದ ಆಯಿತು, ಅದಕ್ಕೇ ಇಲ್ಲಿ ಬೇರೆಯಾಗಿ ಹಾಕುತ್ತಿದ್ದೇನೆ.

ಅಮೆರಿಕದ ಮಸಾಚುಸೆಟ್ಸ್ ರಾಜ್ಯದ ಪಶ್ಚಿಮಕ್ಕೆ, ಗುಡ್ಡಗಳ ನಡುವೆ, ಸ್ಟಾಕ್‌ಬ್ರಿಜ್ ಅಂತ ಒಂದು ಪುಟ್ಟ ಊರಿದೆ. ಅಲ್ಲಿ ನಾರ್ಮನ್ ರಾಕ್‌ವೆಲ್ ಮ್ಯೂಸಿಯಂ ಇದೆ. ನಾನಿರುವ ಊರಿಂದ ಬೆಳಗ್ಗೆ ಹೊರಟರೆ ಸಂಜೆಗೆ ವಾಪಸ್ ಬರಬಹುದು. 2017ರ ನವೆಂಬರ್‌ನಿಂದ 2018ರ ಮೇ ತನಕ ಅಲ್ಲಿ ಟೋನಿ ಡಿಟರ್ಲಿಝಿ ಅವರ ಚಿತ್ರಗಳನ್ನು ಇಟ್ಟಿದ್ದರು. ಆಮೇಲೆ 2021ರ ಜೂನ್‌ನಿಂದ ಅಕ್ಟೋಬರ್ ತನಕ ‘ಎನ್‌ಚಾಂಟೆಡ್’ ಅನ್ನುವ ಹೆಸರಲ್ಲಿ ಫ್ಯಾಂಟಸಿ ಚಿತ್ರಗಳ ಇತಿಹಾಸವನ್ನೇ ತೋರಿಸಿದರು. ಎರಡನ್ನೂ ನೋಡಿದ್ದೇನೆ. ಮೊದಲನೆಯದೇ ನನಗೆ ಜಾಸ್ತಿ ಹಿಡಿಸಿತು.

ಡಿಟರ್ಲಿಝಿ ಗೊತ್ತಿಲ್ಲದವರಿಗೆ: 1994ರಲ್ಲಿ ಬಂದ ಡಿ ಆಂಡ್ ಡಿಯ ಕಥಾಲೋಕ ‘ಪ್ಲೇನ್‌ಸ್ಕೇಪ್’ ಆಡಿದವರಿಗೆ ಆ ಲೋಕ ಅಂದರೆ ಇವರ ಕೈ. ಅದಕ್ಕೆ ಒಂದು ವರ್ಷ ಮೊದಲು ಬಂದ, ಆಟದ ವಿಚಿತ್ರ ಪ್ರಾಣಿಗಳ ಪುಸ್ತಕವಾದ ಮಾನ್‌ಸ್ಟ್ರಸ್ ಮ್ಯಾನ್ಯುಅಲ್‌ನಲ್ಲೂ ಇವರು ಬಿಡಿಸಿದ ಪ್ರಾಣಿಗಳಿವೆ. ಉದ್ದ ಮೂಗು, ಸಪೂರ ಕಾಲು, ಅಳತೆಗೆ ಸರಿಹೋಗದ ಬಟ್ಟೆ. ಪುಸ್ತಕದಲ್ಲಿ ನೋಡಿದಾಗ ಎಲ್ಲವೂ ಕಂದು ಬಣ್ಣದ ಹಳೇ ಕಾಗದದ ಮೇಲೆ ತಾನಾಗಿಯೇ ಮೂಡಿದ ಹಾಗೆ ಕಾಣುತ್ತಿತ್ತು. ಮೂಲದ ಮುಂದೆ ನಿಂತರೆ ಕಥೆ ಬೇರೆ. ಪೆನ್ಸಿಲ್ ಗೆರೆ ಹಾಗೇ ಇದೆ. ಅದೂ ಒಂದೇ ಸಲ ಎಳೆದದ್ದಲ್ಲ, ಮೊಣಕೈ ಎಲ್ಲಿ ಬಾಗಬೇಕು ಅಂತ ಹುಡುಕುತ್ತಾ ಪೆನ್ಸಿಲ್ ಅದೇ ಜಾಗದಲ್ಲಿ ಮತ್ತೆ ಮತ್ತೆ ಓಡಾಡಿದೆ, ಕೊನೆಗೆ ಒಂದು ಗೆರೆಯನ್ನು ಒತ್ತಿ ಗಟ್ಟಿ ಮಾಡಿದ್ದಾರೆ. ಮೇಲೆ ತೆಳುವಾದ ಜಲವರ್ಣ. ನೀರು ನಿಂತು ಒಣಗಿದ ಕಡೆ ಅಂಚು ಗಾಢವಾಗಿದೆ. ಪ್ರಿಂಟ್‌ನಲ್ಲಿ ಇದು ಯಾವುದೂ ಉಳಿಯುವುದಿಲ್ಲ. ಅಚ್ಚಿನಲ್ಲಿ ನೀವು ನೋಡುವುದು ಪ್ರಾಣಿಯನ್ನು. ಗೋಡೆಯ ಮೇಲೆ ನೋಡುವುದು ಒಬ್ಬ ಮನುಷ್ಯ ಕೂತು ಆ ಪ್ರಾಣಿಯನ್ನು ತೀರ್ಮಾನ ಮಾಡುತ್ತಿರುವುದನ್ನು.

ಇನ್ನೊಂದು ವಿಷಯ, ಕವರ್‌ಗಾಗಿ ಮಾಡಿದ ತೈಲಚಿತ್ರಗಳದ್ದು. ಈ ಜಾತಿಯ ಚಿತ್ರಗಳ ಮೇಲ್ಭಾಗದಲ್ಲಿ ಸುಮ್ನೆ ಆಕಾಶ ಅಥವಾ ಕತ್ತಲು ಇರುತ್ತದೆ, ಬೇಕಾದ್ದಕ್ಕಿಂತ ಜಾಸ್ತಿ. ಯೋಧ, ಡ್ರಾಗನ್ ಎಲ್ಲ ಕೆಳಕ್ಕೆ ಒತ್ತಿಕೊಂಡಿರುತ್ತವೆ. ಯಾಕೆ ಅಂದರೆ ಅಲ್ಲಿ ಹೆಸರು, ಲೋಗೋ ಬರಬೇಕು. ನಾವು ಯಾವತ್ತೂ ನೋಡದ ಆ ಖಾಲಿ ಜಾಗಕ್ಕೂ ಅವರು ಮೋಡ, ಹೊಗೆ, ಬೆಟ್ಟದ ತುದಿ ಎಲ್ಲ ಹಾಕಿ ಕೆಲಸ ಮಾಡಿದ್ದಾರೆ. ಅದನ್ನು ನೋಡುತ್ತಾ ನಾನು ಎಷ್ಟು ಹೊತ್ತು ನಿಂತಿದ್ದೆ ಅಂದರೆ ಕಾವಲಿನವರು ಬಂದು ‘ಏನಾದರೂ ಬೇಕಿತ್ತಾ’ ಅಂದರು.

ಬೇರೆ ಕಡೆ ಇಂಥದ್ದು ನೋಡಿದವರು ಬರೀರಿ.

ಸುಮ್ನೆ ಬಂದೆ

ಚೆನ್ನಾಗಿ ಬರೆದಿದ್ದೀರಿ, ಆದರೆ ನನಗೆ ಒಪ್ಪಿಗೆ ಆಗಲಿಲ್ಲ. ಇವೆಲ್ಲ ಕಂಪನಿಗೆ ಸಂಬಳಕ್ಕೆ ಮಾಡಿಕೊಟ್ಟ ಚಿತ್ರಗಳು. ಬಾಕ್ಸ್ ಮಾರಾಟ ಆಗಲಿ ಅಂತ ಮಾಡಿದ್ದು. ಅದನ್ನು ತಂದು ಗೋಡೆಗೆ ತೂಗುಹಾಕಿ, ಕೆಳಗೆ ಚೀಟಿ ಅಂಟಿಸಿ, ಟಿಕೆಟ್ ಇಟ್ಟರೆ ಅದು ಕಲೆ ಆಗಿಬಿಡುತ್ತಾ? 2019ರಲ್ಲಿ ಫ್ಯಾಂಟಸಿ ಚಿತ್ರಗಾರ ಫ್ರಾಂಕ್ ಫ್ರಝೆಟ್ಟಾ ಅವರ ‘ಈಜಿಪ್ಷಿಯನ್ ಕ್ವೀನ್’ 54 ಲಕ್ಷ ಡಾಲರ್‌ಗೆ ಹರಾಜಾಯಿತು. ನಮ್ಮ ದುಡ್ಡಲ್ಲಿ 37 ಕೋಟಿಗೂ ಮೇಲೆ. 1969ರಲ್ಲಿ ಒಂದು ಹಾರರ್ ಕಾಮಿಕ್ ಪತ್ರಿಕೆಯ ಕವರ್‌ಗೆ ಮಾಡಿದ್ದು ಅದು. ಹರಾಜಿನವರಿಗೆ ದುಡ್ಡು ಕಂಡಿತು, ಮ್ಯೂಸಿಯಂನವರು ಹಿಂದೆಯೇ ಓಡಿದರು, ಇಷ್ಟೇ ಅಲ್ವಾ?

ಇಪ್ಪತ್ತುಮುಖದ ದಾಳ

ಇಷ್ಟೇ ಅಲ್ಲ. ನೀವು ಹೇಳುವ ಮಾತನ್ನು ಮೊದಲು ಕೇಳಿಸಿಕೊಂಡವರು ಆ ಮ್ಯೂಸಿಯಂ ಯಾರ ಹೆಸರಲ್ಲಿದೆಯೋ ಅವರೇ, ರಾಕ್‌ವೆಲ್. ಅವರು ಜೀವನವಿಡೀ ಮಾಡಿದ್ದು ಪತ್ರಿಕೆಯ ಕವರ್, ಕ್ಯಾಲೆಂಡರ್, ಜಾಹೀರಾತು. ಸ್ಯಾಟರ್ಡೇ ಈವನಿಂಗ್ ಪೋಸ್ಟ್ ಒಂದಕ್ಕೇ 300ಕ್ಕೂ ಹೆಚ್ಚು ಕವರ್. ‘ಇವನು ಬರೀ ಇಲಸ್ಟ್ರೇಟರ್’ ಅಂತ ದೊಡ್ಡ ವಿಮರ್ಶಕರು ಮೂಗು ಮುರಿದರು. ಇವತ್ತು ಅವರ 1943ರ ‘ಫೋರ್ ಫ್ರೀಡಮ್ಸ್’ ನೋಡೋಕೆ ಜನ ಬಸ್ಸು ಮಾಡಿಕೊಂಡು ಬರುತ್ತಾರೆ. ಆ ಮ್ಯೂಸಿಯಂ ಇರುವುದೇ ಅಚ್ಚಿಗಾಗಿ ಮಾಡಿದ ಚಿತ್ರಗಳಿಗೆ. ಅಲ್ಲಿ ಡಿ ಆಂಡ್ ಡಿ ಚಿತ್ರ ಇಟ್ಟರೆ ಆಶ್ಚರ್ಯ ಏನೂ ಇಲ್ಲ.

ಸಂಬಳದ ಮಾತಿಗೆ ಬಂದರೆ, ಹೊಯ್ಸಳರ ಶಿಲ್ಪಿಗಳು ಏನು ಪುಕ್ಕಟೆ ಕೆತ್ತಿದರಾ?

ಕೆಂಪು ಡಬ್ಬಿ

ಹಳಬ ಒಬ್ಬ ಮಾತಾಡಲೇ? 80ರ ದಶಕದಲ್ಲಿ ನಮ್ಮ ದೊಡ್ಡಪ್ಪನ ಮಗ ಅಮೆರಿಕದಿಂದ ಬರುವಾಗ ಕೆಂಪು ಡಬ್ಬಿ ತಂದಿದ್ದ. 1983ರ ಬೇಸಿಕ್ ಸೆಟ್, ಹೊಸಬರು ಡಿ ಆಂಡ್ ಡಿ ಕಲಿಯೋಕೆ ಅಂತ ಇದ್ದದ್ದು. ಮೇಲೆ ಕೆಂಪು ಡ್ರಾಗನ್, ನಿಧಿಯ ರಾಶಿ, ಬೆನ್ನು ತೋರಿಸಿ ನಿಂತ ಯೋಧ. ಜಯನಗರದಲ್ಲಿ ನಮ್ಮ ಮನೆಯ ಅಟ್ಟದ ಮೇಲೆ ಅದು ಇನ್ನೂ ಇದೆ, ದಾಳಗಳು ಮಾತ್ರ ಇಲ್ಲ. ನಿಯಮ ಅರ್ಥ ಆಗದೇ ಇದ್ದರೂ ಆ ಚಿತ್ರ ನೋಡುತ್ತಾ ನಾವು ಮೂರು ಜನ ಒಂದು ಬೇಸಿಗೆ ಪೂರ್ತಿ ಕಳೆದೆವು.

ಆ ಚಿತ್ರ ಮಾಡಿದವರು ಲ್ಯಾರಿ ಎಲ್ಮೋರ್. ಕೆಂಟಕಿಯವರು. ಮೊದಲು ಫೋರ್ಟ್ ನಾಕ್ಸ್‌ನಲ್ಲಿ ಸೈನ್ಯಕ್ಕೆ ಚಿತ್ರ ಬರೆಯುವ ಕೆಲಸ. 1981ರಲ್ಲಿ ಈ ಆಟವನ್ನು ಹೊರತರುತ್ತಿದ್ದ ಟಿಎಸ್‌ಆರ್ ಕಂಪನಿಗೆ ಸೇರಿದರು. ಮರುವರ್ಷ ಜೆಫ್ ಈಸ್ಲಿ, ಕ್ಲೈಡ್ ಕಾಲ್ಡ್‌ವೆಲ್, ಕೀತ್ ಪಾರ್ಕಿನ್ಸನ್ ಬಂದರು. ವಿಸ್ಕಾನ್ಸಿನ್‌ನ ಲೇಕ್ ಜಿನೀವಾ ಅನ್ನುವ ಕೆರೆ ದಂಡೆಯ ಊರಲ್ಲಿ ಈ ನಾಲ್ವರು ಬೆಳಗ್ಗೆಯಿಂದ ಸಂಜೆ ತನಕ ಡ್ರಾಗನ್ ಬರೆದು ತಿಂಗಳ ಸಂಬಳ ತಗೊಂಡರು ಅಂತ ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆಕಿಚ್ಚಾಗುತ್ತದೆ.

ಆದರೆ ಅದಕ್ಕೆ ಮುಂಚಿನ ಕಾಲ ಬೇರೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಆಟವನ್ನು ಮೊದಲು ಹೊರತಂದಾಗ ಸಾವಿರ ಪ್ರತಿ ಅಚ್ಚು ಹಾಕಿಸಿದ್ದರು. ಚಿತ್ರಗಾರರನ್ನು ಇಟ್ಟುಕೊಳ್ಳುವ ದುಡ್ಡೇ ಇರಲಿಲ್ಲ. ಪರಿಚಯದ ಹುಡುಗರು ಬರೆದರು. ಕವರ್ ಮೇಲಿನ ಕುದುರೆ ಸವಾರನನ್ನು ಗ್ರೆಗ್ ಬೆಲ್ ಅನ್ನುವ ಹುಡುಗ ಒಂದು ಮಾರ್ವೆಲ್ ಕಾಮಿಕ್‌ನ ಚೌಕ ನೋಡಿ ಇಳಿಸಿಕೊಂಡದ್ದು. ಸುಮ್ನೆ ಬಂದೆ ಅವರೇ, ನಿಮ್ಮ ವಾದಕ್ಕೆ ಇದು ಒಳ್ಳೇ ಸರಕು, ತಗೊಳ್ಳಿ.

ನನಗೆ ಮೂಲ ನೋಡಬೇಕು ಅಂತ ಆಸೆ ಇರುವುದು ಡೇವಿಡ್ ಟ್ರ್ಯಾಂಪಿಯರ್ ಅವರದ್ದು. 1978ರಲ್ಲಿ ಬಂದ ಆಟದ ನಿಯಮಪುಸ್ತಕ, ಪ್ಲೇಯರ್ಸ್ ಹ್ಯಾಂಡ್‌ಬುಕ್ ಕವರ್ ನೆನಪಿದೆಯಾ? ದೊಡ್ಡ ವಿಗ್ರಹ ಕೂತಿದೆ. ಇಬ್ಬರು ಕಳ್ಳರು ಮೇಲೆ ಹತ್ತಿ ಅದರ ಕಣ್ಣಿನ ಹರಳನ್ನು ಮೀಟಿ ತೆಗೆಯುತ್ತಿದ್ದಾರೆ. ಕೆಳಗೆ ಕಾಳಗ ಮುಗಿದು ಹೋಗಿದೆ, ಹಲ್ಲಿಮನುಷ್ಯರ ಹೆಣ ಬಿದ್ದಿವೆ, ಉಳಿದವರು ತಮ್ಮ ಪಾಡಿಗೆ ಮುಂದಿನ ದಾರಿಯ ಮಾತಾಡುತ್ತಿದ್ದಾರೆ. ಕತ್ತಿ ಎತ್ತಿದ ವೀರ ಯಾರೂ ಇಲ್ಲ. ಕಾಳಗ ಆದಮೇಲಿನ ಲೂಟಿ ಇದೆ, ಅಷ್ಟೇ. ಆಟ ಆಡಿದವರಿಗೆ ಗೊತ್ತು, ನಿಜವಾಗಿ ಮೇಜಿನ ಸುತ್ತ ನಡೆಯುವುದೂ ಅದೇ. ಟ್ರ್ಯಾಂಪಿಯರ್ 80ರ ದಶಕದ ಕೊನೆಯಲ್ಲಿ ಈ ಕ್ಷೇತ್ರವನ್ನೇ ಬಿಟ್ಟು ಕಾಣೆಯಾದರು. ಬಹಳ ವರ್ಷ ಆದಮೇಲೆ ಇಲಿನಾಯ್‌ನ ಕಾರ್ಬನ್‌ಡೇಲ್‌ನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದಾರೆ ಅಂತ ಗೊತ್ತಾಯಿತು. 2014ರಲ್ಲಿ ತೀರಿಕೊಂಡರು.

ಮಲೆನಾಡು ಡಿಎಂ

ಅಣ್ಣಾ ಕೆಂಪು ಡಬ್ಬಿ, ಆ ಡಬ್ಬಿಯ ಫೋಟೋ ಹಾಕಿ ಮೊದಲು!

ನನ್ನ ತಕರಾರು ಬೇರೆ. ನಾನು ಸಾಗರದಲ್ಲಿ ನಾಲ್ಕೈದು ಹುಡುಗರಿಗೆ ಆಟ ನಡೆಸುತ್ತೇನೆ. ನನ್ನ ಪ್ರಕಾರ ಈ ಚಿತ್ರಗಳು ನೋಡೋಕೆ ಮಾತ್ರ ಇರುವುದಲ್ಲ, ಬಳಸೋಕೆ ಇರುವುದು. 1978ರಲ್ಲಿ ಬಂದ ‘ಟೂಂಬ್ ಆಫ್ ಹಾರರ್ಸ್’ ಮಾಡ್ಯೂಲ್ (ಆಡೋಕೆ ಸಿದ್ಧ ಮಾಡಿಕೊಟ್ಟ ಸಾಹಸದ ಕಥೆ) ಜೊತೆ ಒಂದು ಚಿತ್ರಗಳ ಪುಸ್ತಿಕೆಯನ್ನೇ ಬೇರೆ ಕೊಟ್ಟಿದ್ದರು. ಆಟಗಾರರು ಒಂದು ಕೋಣೆಗೆ ಕಾಲಿಟ್ಟರೆ ಡಿಎಂ, ಅಂದರೆ ಆಟ ನಡೆಸುವ ಡಂಜನ್ ಮಾಸ್ಟರ್, ಬಾಯಲ್ಲಿ ವರ್ಣನೆ ಮಾಡುವುದಿಲ್ಲ, ಆ ಕೋಣೆಯ ಚಿತ್ರ ಎತ್ತಿ ತೋರಿಸುತ್ತಾನೆ. ‘ಇದು ಕಾಣುತ್ತಿದೆ. ಏನು ಮಾಡ್ತೀರಿ?’ ಅಷ್ಟೇ. ಗೋಡೆಯಲ್ಲಿ ಹಸಿರು ಮುಖದ ಒಂದು ರಾಕ್ಷಸ ಬಾಯಿ ತೆರೆದು ಕೂತಿದೆ, ಒಳಗೆ ಕಪ್ಪು. ಕೈ ಹಾಕಿದವನ ಕಥೆ ಮುಗಿಯಿತು. ಎರಡು ವರ್ಷ ಆದಮೇಲೆ ‘ಎಕ್ಸ್‌ಪೆಡಿಷನ್ ಟು ದ ಬ್ಯಾರಿಯರ್ ಪೀಕ್ಸ್’ ಬಂತು, ಅದರಲ್ಲೂ ದಪ್ಪನೆಯ ಚಿತ್ರಪುಸ್ತಿಕೆ ಇತ್ತು.

ಹೀಗೆ ಮಾಡಿದ ಚಿತ್ರವನ್ನು ಫ್ರೇಮ್ ಹಾಕಿ ‘ಶಾಯಿ, ಕಾಗದ’ ಅಂತ ಚೀಟಿ ಅಂಟಿಸಿದರೆ ಮುಖ್ಯವಾದದ್ದೇ ಬಿಟ್ಟುಹೋಯಿತಲ್ಲ? ಆ ಚಿತ್ರ ಒಂದು ಪ್ರಶ್ನೆ. ಉತ್ತರ ಹೇಳುವವರು ಎದುರಿಗೆ ಇರಬೇಕು. ಮ್ಯೂಸಿಯಂನಲ್ಲಿ ಜನ ಎರಡು ಹೆಜ್ಜೆ ಹಿಂದೆ ನಿಂತು ತಲೆ ಆಡಿಸಿ ಮುಂದಕ್ಕೆ ಹೋಗುತ್ತಾರೆ. ಪಕ್ಕದಲ್ಲಿ ಒಂದು ಮೇಜು, ನಾಲ್ಕು ಕುರ್ಚಿ, ದಾಳ ಇಡೋಕೆ ಏನು ಕಷ್ಟ?

ಲಂಡನ್ ಮಳೆ

ಮೇಜಿನ ಮಾತು ನಿಜ. 2023ರ ಅಕ್ಟೋಬರ್‌ನಿಂದ 2024ರ ಫೆಬ್ರವರಿ ತನಕ ಇಲ್ಲಿನ ಬ್ರಿಟಿಷ್ ಲೈಬ್ರರಿಯಲ್ಲಿ ಫ್ಯಾಂಟಸಿ ಬಗ್ಗೆಯೇ ಒಂದು ದೊಡ್ಡ ಪ್ರದರ್ಶನ ಇತ್ತು. ನಾನು ಹೋದದ್ದು ಚಿತ್ರದ ಆಸೆಗೆ, ಅಲ್ಲಿ ಜಾಸ್ತಿ ಇದ್ದದ್ದು ಪುಸ್ತಕ, ಹಸ್ತಪ್ರತಿ, ಲೇಖಕರು ಕೈಯಲ್ಲೇ ಬರೆದುಕೊಂಡ ನಕ್ಷೆ. ಲೈಬ್ರರಿ ತಾನೇ, ತಪ್ಪೇನಿಲ್ಲ. ನಕ್ಷೆಗಳು ಮಾತ್ರ ಚೆನ್ನಾಗಿದ್ದವು, ಊರ ಹೆಸರು ಬರೆದು ಹೊಡೆದುಹಾಕಿ ಮತ್ತೆ ಬರೆದದ್ದು ಕಾಣುತ್ತಿತ್ತು. ಗೇಮ್ ಚಿತ್ರಕ್ಕೆ ಅಂತ ಈ ಕಡೆಗೆ ಬರುವವರಿಗೆ ನಾಟಿಂಗ್‌ಹ್ಯಾಮ್‌ನ ವಾರ್‌ಹ್ಯಾಮರ್ ವರ್ಲ್ಡ್ ಒಳ್ಳೇದು, ವಾರ್‌ಹ್ಯಾಮರ್ ಅನ್ನುವ ಪುಟ್ಟ ಗೊಂಬೆಗಳ ಯುದ್ಧದಾಟದ್ದು. ಅಲ್ಲಿ ಮೇಜೂ ಇದೆ, ಆಟವೂ ಇದೆ. ಆದರೆ ಅದು ಕಂಪನಿಯದ್ದೇ ಜಾಗ, ಬಾಗಿಲ ಹತ್ತಿರವೇ ಅಂಗಡಿ, ಜೇಬು ನೋಡಿಕೊಂಡು ಹೋಗಿ.

ಬಣ್ಣದ ವೇಷ

ಉಡುಪಿ ಕಡೆಯವಳು ನಾನು. ನೀವೆಲ್ಲ ಡ್ರಾಗನ್ ಡ್ರಾಗನ್ ಅಂತಿದ್ದೀರಿ, ನಮ್ಮ ರಾಕ್ಷಸನನ್ನು ಯಾಕೆ ಯಾರೂ ಎತ್ತಲಿಲ್ಲ?

1977ರ ಮಾನ್‌ಸ್ಟರ್ ಮ್ಯಾನ್ಯುಅಲ್ ತೆಗೆದು ‘ರಾಕ್ಷಸ’ ಪುಟ ನೋಡಿ. ಹೆಸರು ಹಾಗೇ ಇದೆ. ಚಿತ್ರ ಮಾತ್ರ ಹುಲಿ ತಲೆ, ಮೈಮೇಲೆ ಶ್ರೀಮಂತರು ಮನೆಯಲ್ಲಿ ಹಾಕಿಕೊಳ್ಳುವ ಗೌನು, ಕೈಯಲ್ಲಿ ಹೊಗೆಸೊಪ್ಪಿನ ಪೈಪು! ಆರಾಮಾಗಿ ಕೂತಿದ್ದಾನೆ. ಅವನನ್ನು ಕೊಲ್ಲಬೇಕಾದರೆ ಮಂತ್ರಿಸಿದ ಅಡ್ಡಬಿಲ್ಲಿನ ಬಾಣ ಬೇಕು. ಇದು ಯಾವ ಪುರಾಣ ಅಂತ ಹುಡುಕಿದರೆ ಪುರಾಣವೇ ಅಲ್ಲ, 1974ರಲ್ಲಿ ಅಮೆರಿಕದಲ್ಲಿ ಪ್ರಸಾರವಾದ ಒಂದು ಟಿವಿ ಧಾರಾವಾಹಿಯ ಕಂತು. ಅದರಲ್ಲಿ ರಾಕ್ಷಸನನ್ನು ಅಡ್ಡಬಿಲ್ಲಿನಿಂದ ಹೊಡೆಯುತ್ತಾರೆ. ಅಲ್ಲಿಂದ ಆಟಕ್ಕೆ ಬಂತು, ಆಟದಿಂದ ಇಡೀ ಪ್ರಪಂಚಕ್ಕೆ ಹೋಯಿತು. ಇವತ್ತು ಗೇಮ್ ಆಡುವ ಯಾವ ಹುಡುಗನನ್ನು ಕೇಳಿದರೂ ರಾಕ್ಷಸನಿಗೆ ಹುಲಿ ಮುಖ.

ನನಗೆ ಸಿಟ್ಟು ಬರಲಿಲ್ಲ, ನಗು ಬಂತು. ಚಿತ್ರ ಚೆನ್ನಾಗಿದೆ ಕೂಡ. ಆದರೆ ಯಕ್ಷಗಾನದಲ್ಲಿ ರಾಕ್ಷಸರಿಗೆ ಹಾಕುವ ಬಣ್ಣದ ವೇಷವನ್ನು ಹತ್ತಿರದಿಂದ ನೋಡಿದವರಿಗೆ ಈ ಪೈಪಿನ ಹುಲಿ ತೀರಾ ಸಪ್ಪೆ. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಕೂತು ಕಲಾವಿದರು ತಾವೇ ಮುಖಕ್ಕೆ ಬಣ್ಣ ಬರೆದುಕೊಳ್ಳುತ್ತಾರೆ. ಆಮೇಲೆ ಅಕ್ಕಿಹಿಟ್ಟಿಗೆ ಸುಣ್ಣ ಸೇರಿಸಿ ಅರೆದದ್ದನ್ನು ಕಡ್ಡಿಯಲ್ಲಿ ತೆಗೆದು ಚುಕ್ಕಿ ಚುಕ್ಕಿಯಾಗಿ ಇಡುತ್ತಾರೆ, ಅದೇ ಚಿಟ್ಟಿ. ಒಂದು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು. ಮುಳ್ಳಿನ ಹಾಗೆ ಎದ್ದು ನಿಲ್ಲುವವರೆಗೆ. ಗಂಟೆಗಟ್ಟಲೆ ಕೆಲಸ. ಬೆಳಗಾದರೆ ತೆಂಗಿನೆಣ್ಣೆ ಹಚ್ಚಿ ಒರೆಸಿಬಿಡುತ್ತಾರೆ. ಮೂಲಚಿತ್ರ ಉಳಿಯಿತಾ ಇಲ್ಲವಾ ಅನ್ನುವ ಚಿಂತೆಯೇ ಇಲ್ಲ ನೋಡಿ ಅಲ್ಲಿ.

ಇನ್ನೊಂದು, 1980ರ ‘ಡೀಟೀಸ್ ಆಂಡ್ ಡೆಮಿಗಾಡ್ಸ್’ ಪುಸ್ತಕದಲ್ಲಿ ಇಂದ್ರ, ಅಗ್ನಿ, ಕಾಳಿಗೆ ಎಲ್ಲ ಹಿಟ್ ಪಾಯಿಂಟ್ ಕೊಟ್ಟಿದ್ದಾರೆ, ಅಂದರೆ ಎಷ್ಟು ಪೆಟ್ಟು ತಡೆದುಕೊಳ್ಳಬಲ್ಲರು ಅನ್ನುವ ಅಂಕ. ಝ್ಯೂಸ್‌ಗೂ ಕೊಟ್ಟಿದ್ದಾರೆ, ಭೇದ ಮಾಡಿಲ್ಲ. ಆದರೆ ಗ್ರೀಸಿನಲ್ಲಿ ಇವತ್ತು ಮನೆ ಮನೆಯಲ್ಲಿ ಝ್ಯೂಸ್‌ಗೆ ದೀಪ ಹಚ್ಚುವುದಿಲ್ಲ. ನಮ್ಮ ಅಮ್ಮ ದಿನಾ ಹಚ್ಚುತ್ತಾರೆ. ಮ್ಯೂಸಿಯಂನವರು ಇಂಥ ಪುಟವನ್ನು ಗೋಡೆಗೆ ಹಾಕುವುದಾದರೆ ಈ ಒಂದು ಮಾತನ್ನೂ ಪಕ್ಕದಲ್ಲಿ ಬರೆದು ಹಾಕಲಿ.

ಸುಮ್ನೆ ಬಂದೆ

ಪೈಪು ಸೇದುವ ರಾಕ್ಷಸ ನೋಡಿ ಆಫೀಸಿನಲ್ಲಿ ಜೋರಾಗಿ ನಕ್ಕುಬಿಟ್ಟೆ. ಇದನ್ನು ಮಾತ್ರ ಮ್ಯೂಸಿಯಂನಲ್ಲಿ ಇಡಲಿ, ನಾನೇ ಟಿಕೆಟ್ ತಗೊಂಡು ಹೋಗುತ್ತೇನೆ.

ಕೆಂಪು ಡಬ್ಬಿ

ಆ ರಾಕ್ಷಸನೂ ಟ್ರ್ಯಾಂಪಿಯರ್ ಅವರದ್ದೇ ಕೈ. ಮತ್ತೆ ಆ ಮಾನ್‌ಸ್ಟರ್ ಮ್ಯಾನ್ಯುಅಲ್‌ನ ಕೆಲವು ಪ್ರಾಣಿಗಳು ಹುಟ್ಟಿದ್ದು ಇನ್ನೂ ತಮಾಷೆ. ಲೋಹಕ್ಕೆ ತುಕ್ಕು ಹಿಡಿಸುವ ರಸ್ಟ್ ಮಾನ್‌ಸ್ಟರ್, ಗೂಬೆ ತಲೆಯ ಕರಡಿ ಔಲ್‌ಬೇರ್ ಇವೆಲ್ಲ ಗೈಗ್ಯಾಕ್ಸ್ ಅಗ್ಗದ ಅಂಗಡಿಯಲ್ಲಿ ಕೊಂಡ ಹಾಂಗ್‌ಕಾಂಗ್‌ನ ಪ್ಲಾಸ್ಟಿಕ್ ಗೊಂಬೆಗಳು. ಮೇಜಿನ ಮೇಲೆ ಗೊಂಬೆ ಇತ್ತು, ಹೆಸರು ಆಮೇಲೆ ಇಟ್ಟರು. ಚಿತ್ರಗಾರರು ಕಾಗದಕ್ಕೆ ಇಳಿಸುವ ಹೊತ್ತಿಗೆ ಅದಕ್ಕೆ ಒಂದು ಗತ್ತು ಬಂದಿತ್ತು.

ಕಡತದ ಇಲಿ

ನನ್ನ ಕೆಲಸ ಹಳೇ ಕಾಗದ ಕಾಪಾಡುವುದು, ಅದಕ್ಕೇ ಬಾಯಿ ಹಾಕುತ್ತಿದ್ದೇನೆ.

ಇಂಥ ಪ್ರದರ್ಶನಕ್ಕೆ ಹೋದವರು ‘ಒಳಗೆ ಕತ್ತಲೆ, ಏನೂ ಸರಿಯಾಗಿ ಕಾಣಲ್ಲ’ ಅಂತ ಗೊಣಗುತ್ತಾರೆ. ಜಲವರ್ಣ, ಪೆನ್ಸಿಲ್, ಶಾಯಿಯ ಕೆಲಸಕ್ಕೆ ಸಾಮಾನ್ಯವಾಗಿ 50 ಲಕ್ಸ್ (ಬೆಳಕಿನ ಅಳತೆ) ಬೆಳಕು ಮಾತ್ರ ಬಿಡುತ್ತಾರೆ. ತೈಲಚಿತ್ರಕ್ಕೆ 200ರ ತನಕ ಹೋಗಬಹುದು. ಆಫೀಸಿನ ಮೇಜಿನ ಮೇಲೆ ನಿಮಗೆ ಬೇಕಾಗುವುದು ಸುಮಾರು 500. ಬೆಳಕು ಮಾಡಿದ ಹಾನಿ ವಾಪಸ್ ಬರುವುದಿಲ್ಲ, ಕಾಗದವನ್ನು ಕತ್ತಲಲ್ಲಿ ಇಟ್ಟರೂ ಹೋದ ಬಣ್ಣ ಹೋದದ್ದೇ. ಅದಕ್ಕೇ ಕಾಗದದ ಮೇಲಿನ ಕೆಲಸವನ್ನು ಕೆಲವು ತಿಂಗಳು ತೋರಿಸಿ ಮತ್ತೆ ಪೆಟ್ಟಿಗೆಗೆ ಸೇರಿಸುತ್ತಾರೆ.

ಗೇಮ್ ಪುಸ್ತಕದ ಕಪ್ಪುಬಿಳುಪು ಚಿತ್ರಗಳಂತೂ ನಮಗೆ ದೊಡ್ಡ ತಲೆನೋವು. ಆ ಕಾಲದಲ್ಲಿ ಬೂದು ಬಣ್ಣ ಬೇಕಾದರೆ ಚುಕ್ಕಿಗಳಿರುವ ಝಿಪ್‌ಟೋನ್ ಹಾಳೆಯನ್ನು ಬ್ಲೇಡಿನಲ್ಲಿ ಕತ್ತರಿಸಿ ಚಿತ್ರದ ಮೇಲೆ ಅಂಟಿಸುತ್ತಿದ್ದರು. ವರ್ಷಗಳು ಕಳೆದಂತೆ ಆ ಅಂಟು ಹಳದಿಯಾಗುತ್ತದೆ, ಹಾಳೆ ಕುಗ್ಗುತ್ತದೆ, ಅಂಚು ಎದ್ದು ಬರುತ್ತದೆ. ತಪ್ಪಿದ ಗೆರೆಗೆ ಬಿಳಿ ಬಣ್ಣ ಬಳಿದಿರುತ್ತಾರೆ, ಆ ಬಿಳಿ ಒಂದು ಛಾಯೆ, ಕಾಗದ ಈಗ ಇನ್ನೊಂದು ಛಾಯೆ. ತೆಳು ನೀಲಿ ಪೆನ್ಸಿಲ್ಲಿನ ಗೆರೆಗಳೂ ಇರುತ್ತವೆ, ಅಚ್ಚಿನ ಕ್ಯಾಮೆರಾಗೆ ಆ ನೀಲಿ ಕಾಣುತ್ತಿರಲಿಲ್ಲ, ಹಾಗಾಗಿ ಅಳಿಸುವ ಗೋಜಿಗೆ ಹೋಗುತ್ತಿರಲಿಲ್ಲ. ಅಂಚಿನಲ್ಲಿ ‘ಇಷ್ಟು ಪರ್ಸೆಂಟ್ ಚಿಕ್ಕದು ಮಾಡಿ’ ಅಂತ ಪ್ರೆಸ್‌ನವರಿಗೆ ಬರೆದ ಸೂಚನೆ. ಇದನ್ನೆಲ್ಲ ನಾವು ಮುಟ್ಟುವುದಿಲ್ಲ. ಸ್ವಚ್ಛ ಮಾಡಿಬಿಡಿ ಅನ್ನುವವರು ಬರುತ್ತಾರೆ, ಕೈಮುಗಿದು ಕಳಿಸುತ್ತೇವೆ.

ಇಷ್ಟಾದರೂ ಉಳಿದದ್ದೇ ಪುಣ್ಯ. ಜೆಫ್ ಡೀ ಅಂತ ಒಬ್ಬ ಚಿತ್ರಗಾರ, ಹದಿಹರೆಯ ಮುಗಿಯುವ ಮೊದಲೇ ಟಿಎಸ್‌ಆರ್ ಪುಸ್ತಕಗಳಿಗೆ ಬರೆದವರು. ತಮ್ಮ ಮೂಲಚಿತ್ರಗಳನ್ನು ಕಂಪನಿ ಕಸಕ್ಕೆ ಹಾಕಿತು ಅಂತ ಅವರೇ ಹೇಳಿಕೊಂಡಿದ್ದಾರೆ. ಆಮೇಲೆ ಅಭಿಮಾನಿಗಳಿಂದ ದುಡ್ಡು ಕೂಡಿಸಿ ಅದೇ ಚಿತ್ರಗಳನ್ನು ಮತ್ತೆ ಕೂತು ಬರೆದರು.

ಗೊಂಬೆ ಮನೆ

ನಾನು ಬೆಂಗಳೂರಲ್ಲಿ ಗೇಮ್ ಸ್ಟುಡಿಯೋಗೆ ಚಿತ್ರ ಮಾಡುತ್ತೇನೆ. ಓದುತ್ತಾ ಬಂದೆ, ಎಲ್ಲರೂ ‘ಮೂಲ, ಮೂಲ’ ಅನ್ನುತ್ತಿದ್ದೀರಿ. ನನ್ನ ಕೆಲಸಕ್ಕೆ ಮೂಲವೇ ಇಲ್ಲ! ಟ್ಯಾಬ್ಲೆಟ್ ಮೇಲೆ ಮಾಡುತ್ತೇನೆ, ಲೇಯರ್‌ಗಳ ಫೈಲ್ ಇರುತ್ತದೆ, ಅದನ್ನೂ ಕಾಂಟ್ರ್ಯಾಕ್ಟ್ ಪ್ರಕಾರ ಅವರಿಗೆ ಕೊಟ್ಟು ಬರುತ್ತೇನೆ. ತಪ್ಪಿದ ಗೆರೆಗೆ ಬಿಳಿ ಬಳಿಯುವುದಿಲ್ಲ, ‘ಅನ್‌ಡೂ’ ಗುಂಡಿ ಒತ್ತುತ್ತೇನೆ. ಈಗ ಬರುವ ಡಿ ಆಂಡ್ ಡಿ ಪುಸ್ತಕಗಳ ಚಿತ್ರಗಳಲ್ಲಿ ಬಹುಪಾಲು ಹೀಗೇ ಆದವು. ಆಟಕ್ಕೆ 2024ರಲ್ಲಿ 50 ತುಂಬಿತು, ಮೊದಲರ್ಧದ ಕೆಲಸವನ್ನು ಗೋಡೆಗೆ ಹಾಕಬಹುದು. ಉಳಿದ ಅರ್ಧಕ್ಕೆ ಏನು ಹಾಕುತ್ತಾರೆ? ಪ್ರಿಂಟ್ ತೆಗೆದು? ಸ್ಕ್ರೀನ್ ಇಟ್ಟು?

ತಮಾಷೆ ಏನು ಅಂದರೆ ‘ಮ್ಯಾಜಿಕ್ ದ ಗ್ಯಾದರಿಂಗ್’ ಅನ್ನುವ ಫ್ಯಾಂಟಸಿ ಕಾರ್ಡ್ ಆಟದ ಕಾರ್ಡಿಗೆ ಬರೆಯುವವರಲ್ಲಿ ಎಷ್ಟೋ ಜನ ಇವತ್ತಿಗೂ ತೈಲಬಣ್ಣದಲ್ಲೇ ಮಾಡುತ್ತಾರೆ. ಸಂಪ್ರದಾಯದ ಮೇಲಿನ ಪ್ರೀತಿ ಒಂದೇ ಕಾರಣ ಅಂದುಕೊಳ್ಳಬೇಡಿ. ಮೂಲಚಿತ್ರ ಕಲಾವಿದರ ಕೈಯಲ್ಲೇ ಉಳಿಯುತ್ತದೆ, ಕಾರ್ಡ್ ಹೆಸರು ಮಾಡಿದರೆ ಕಂಪನಿ ಕೊಟ್ಟ ದುಡ್ಡಿಗಿಂತ ಆ ಮೂಲ ಮಾರಿದ ದುಡ್ಡೇ ಜಾಸ್ತಿ ಆಗಬಹುದು.

ಎಐ ವಿಷಯ ಎತ್ತಲೇಬೇಕಲ್ಲ. 2023ರ ಆಗಸ್ಟ್‌ನಲ್ಲಿ ದೈತ್ಯರ ಬಗ್ಗೆ ಬರಬೇಕಿದ್ದ ಡಿ ಆಂಡ್ ಡಿ ಪುಸ್ತಕದ ಕೆಲವು ಚಿತ್ರಗಳಲ್ಲಿ ಎಐ ಕೈವಾಡ ಇರುವುದನ್ನು ಓದುಗರೇ ಹಿಡಿದರು. ಬೆರಳು, ಪಾದ, ಆಯುಧದ ಹಿಡಿ ಯಾವುದೂ ಸರಿ ಇರಲಿಲ್ಲ. ಗಲಾಟೆ ಆದಮೇಲೆ ಕಂಪನಿ ತನ್ನ ಚಿತ್ರಗಾರರು ಎಐ ಬಳಸಬಾರದು ಅಂತ ಹೇಳಿತು. ದಾಳದವರು ಬರೆದರಲ್ಲ, ಮೊಣಕೈ ಎಲ್ಲಿ ಬಾಗಬೇಕು ಅಂತ ಪೆನ್ಸಿಲ್ ಹುಡುಕಾಡಿದ್ದು, ಅದು ಓದಿದಾಗ ನನಗೆ ನೆನಪಾದದ್ದು ಇದೇ. ಈಗ ಕ್ಲೈಂಟ್‌ಗಳು ನನ್ನ ಹತ್ತಿರ ಕಚ್ಚಾ ಸ್ಕೆಚ್ ಕೇಳುತ್ತಾರೆ, ನೋಡೋಕೆ ಅಲ್ಲ, ಸಾಕ್ಷಿಗೆ. ನಾನೂ ಈಗೀಗ ಮೊದಲ ಸ್ಕೆಚ್ಚನ್ನು ಕಾಗದದಲ್ಲೇ ಮಾಡಿ ಡ್ರಾಯರ್‌ನಲ್ಲಿ ಹಾಕಿಡುತ್ತಿದ್ದೇನೆ.

ಸೀಮೆಸುಣ್ಣ

ಮೈಸೂರಲ್ಲಿ ಡ್ರಾಯಿಂಗ್ ಮೇಷ್ಟ್ರು ನಾನು, ಈಗ ನಿವೃತ್ತ. ನಿಮ್ಮ ಆಟ ನನಗೆ ಗೊತ್ತಿಲ್ಲ, ಮೊಮ್ಮಗ ಈ ಚರ್ಚೆ ತೋರಿಸಿದ.

ಪಿಡಿಎಫ್‌ನಲ್ಲಿ ಇದೆಯಲ್ಲ ಅಂದವರಿಗೆ ಒಂದು ಮಾತು. ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರ ಇದೆಯಲ್ಲ, ಎಸ್.ಎಲ್. ಹಲ್ದಣಕರ್ ಅವರದ್ದು, ಕ್ಯಾಲೆಂಡರಿನಲ್ಲಿ ನೋಡದ ಮನೆ ಇಲ್ಲ. ಅರ್ಧ ಜನ ಅದನ್ನು ರವಿವರ್ಮನದ್ದು ಅಂತಲೇ ತಿಳಿದಿದ್ದಾರೆ. ಎಣ್ಣೆಬಣ್ಣ ಅಂತಲೂ ತಿಳಿದಿದ್ದಾರೆ. ಅದು ಜಲವರ್ಣ. ಬೆರಳ ಸಂದಿಯಿಂದ ಬರುವ ಆ ಕೆಂಪು ಬೆಳಕನ್ನು ಜಲವರ್ಣದಲ್ಲಿ ತರಬೇಕಾದರೆ ಕೈ ಎಷ್ಟು ಪಳಗಿರಬೇಕು ಅಂತ ಕ್ಯಾಲೆಂಡರ್ ಹೇಳುವುದಿಲ್ಲ. ಶಾಲೆಯ ಮಕ್ಕಳನ್ನು ಪ್ರತಿ ವರ್ಷ ಕರೆದುಕೊಂಡು ಹೋಗುತ್ತಿದ್ದೆ, ಆ ಕತ್ತಲೆ ಕೋಣೆಗೆ ಹೋದಮೇಲೆ ಗಲಾಟೆ ಮಾಡುವ ಮಕ್ಕಳು ಮುಂದೆ ಬಂದು ನಿಲ್ಲುತ್ತಿದ್ದವು.

ಅಚ್ಚಿಗಾಗಿ ಮಾಡಿದ ಚಿತ್ರದ ವಿಷಯಕ್ಕೆ ಬಂದರೆ ನಮ್ಮಲ್ಲೇನು ಕಡಿಮೆಯಾ? ‘ಚಂದಮಾಮ’ಕ್ಕೆ ಎಂ.ಟಿ.ವಿ. ಆಚಾರ್ಯರು ಮಾಡಿದ ಮಹಾಭಾರತದ ಕವರ್‌ಗಳು, ಶಂಕರ್ ಅವರ ವಿಕ್ರಮ ಬೇತಾಳ. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ಸುತ್ತ ಹಾವು, ತಲೆಬುರುಡೆ. ನಿಮ್ಮ ಆಟದ ಪುಸ್ತಕಕ್ಕೆ ಇಟ್ಟರೆ ನಾಳೆಯೇ ಒಪ್ಪುತ್ತಾರೆ. ನಾವೆಲ್ಲ ಅವನ್ನು ನೋಡಿ ನಕಲು ಮಾಡಿಯೇ ಗೆರೆ ಕಲಿತದ್ದು. ಬೆಂಗಳೂರಲ್ಲಿ ವ್ಯಂಗ್ಯಚಿತ್ರಕ್ಕೆ ಅಂತ 2007ರಿಂದ ಒಂದು ಗ್ಯಾಲರಿ ಇದೆ, ಪತ್ರಿಕೆಯ ಕೆಲಸವನ್ನು ಗೋಡೆಗೆ ಹಾಕಿ ತೋರಿಸಬಹುದು ಅಂತ ಅವರು ತೋರಿಸಿಕೊಟ್ಟರು. ಕಥೆಯ ಚಿತ್ರಗಳಿಗೂ ಹಾಗೆ ಒಂದು ಪ್ರದರ್ಶನ ಮಾಡಲಿ ಅಂತ ನನ್ನ ಆಸೆ.

ಮಲೆನಾಡು ಡಿಎಂ

ಮೇಷ್ಟ್ರೇ, ಬೇತಾಳನ ಕಥೆಯನ್ನೇ ಈ ಭಾನುವಾರ ಆಟ ಮಾಡುತ್ತೇನೆ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಿಡಿದು ಹೋಳಾಗುತ್ತದೆ, ಹೇಳಿದರೆ ಹೆಣ ಮರಕ್ಕೆ ಹಾರುತ್ತದೆ. ಇದಕ್ಕಿಂತ ಒಳ್ಳೇ ಬಲೆ ಆ ಟೂಂಬ್‌ನಲ್ಲೂ ಇಲ್ಲ.

ಸುಮ್ನೆ ಬಂದೆ

ಸರಿ, ಅರ್ಧ ಸೋತೆ. ಟ್ರ್ಯಾಂಪಿಯರ್ ಕವರ್ ಹುಡುಕಿ ನೋಡಿದೆ. ಚೆನ್ನಾಗಿದೆ. ಆದರೆ ಎಲ್ಲವನ್ನೂ ಮ್ಯೂಸಿಯಂಗೆ ಸೇರಿಸಬೇಕು ಅನ್ನುವುದನ್ನು ಇನ್ನೂ ಒಪ್ಪುವುದಿಲ್ಲ. ಆ ಕಾಲದ ಪುಸ್ತಕಗಳಲ್ಲಿ ಕೈಕಾಲು ನೆಟ್ಟಗಿಲ್ಲದ ಚಿತ್ರಗಳೂ ಬೇಕಾದಷ್ಟಿವೆ, ನೀವ್ಯಾರೂ ಅವುಗಳ ಮಾತೇ ಎತ್ತಲಿಲ್ಲ.

ಇಪ್ಪತ್ತುಮುಖದ ದಾಳ

ಎತ್ತೋಣ. ‘ಎನ್‌ಚಾಂಟೆಡ್’ ಬಗ್ಗೆ ನನಗಿದ್ದ ಕೊರತೆಯೇ ಅದು. ನೂರಕ್ಕೂ ಹೆಚ್ಚು ಕೆಲಸ, ಎನ್.ಸಿ. ವೈಯತ್, ಫ್ರಝೆಟ್ಟಾ ಅಂಥ ಘಟಾನುಘಟಿಗಳು. ಎಲ್ಲವೂ ಮೆರುಗಿನದ್ದು. ಒಂದು ಹಂತ ಆದಮೇಲೆ ಕಣ್ಣಿಗೆ ದಣಿವಾಯಿತು, ಎಲ್ಲಾ ತೋಳೂ ಒಂದೇ ತರಹ ಉಬ್ಬಿವೆ, ಎಲ್ಲಾ ಹೆಂಗಸರಿಗೂ ಚಳಿ ಅನ್ನುವುದೇ ಇಲ್ಲ. 1974ರ ಆ ಹುಡುಗರ ಕೈಕಾಲು ನೆಟ್ಟಗಿಲ್ಲದ ಶಾಯಿ ಚಿತ್ರಗಳನ್ನು ನಡುವೆ ಇಟ್ಟಿದ್ದರೆ ಉಸಿರಾಡಲು ಜಾಗ ಸಿಗುತ್ತಿತ್ತು. ಅವು ಸುಂದರ ಅಂತಲ್ಲ. ಈ ಆಟದ ಪ್ರಾಣಿಗಳು ಹೇಗಿರಬಹುದು ಅಂತ ಮೊದಲು ಕಾಗದದ ಮೇಲೆ ಊಹಿಸಿದ್ದು ಅವರು. ಮುಂದೆ ಬಂದ ಮಹಾನ್ ಕಲಾವಿದರು ಅದನ್ನು ತಿದ್ದಿದರು.

ಬಣ್ಣದ ವೇಷ

ಹೆಂಗಸರಿಗೆ ಚಳಿ ಇಲ್ಲ ಅಂದಿರಲ್ಲ, ಅಷ್ಟು ಸಾಕು, ನಾನು ಬರೆಯಬೇಕಿದ್ದ ಅರ್ಧ ಪುಟ ಉಳಿಯಿತು.

ಒಂದು ಕೇಳುವುದಿತ್ತು. ಗೊಂಬೆ ಮನೆ ಅವರ ಹಾಗೆಯೇ ಚಿತ್ರ ಮಾಡುವ ಗೆಳತಿಯೊಬ್ಬಳು ತನ್ನ ಒಂದು ಪೆನ್ಸಿಲ್ ಮತ್ತು ಜಲವರ್ಣದ ಕೆಲಸವನ್ನು ನನಗೆ ಕೊಟ್ಟಿದ್ದಾಳೆ, ನಮ್ಮ ಆಟದ ಪಾತ್ರಗಳದ್ದು. ಇಲ್ಲಿ ಮಳೆಗಾಲ ನಿಮಗೆ ಗೊತ್ತಲ್ಲ. ಕಡತದ ಇಲಿಯವರೇ, ಹೇಗೆ ಇಟ್ಟುಕೊಳ್ಳಲಿ?

ಕಡತದ ಇಲಿ

ಮೊದಲು ಒಳ್ಳೇ ಸ್ಕ್ಯಾನ್ ಮಾಡಿಸಿ. ಫ್ರೇಮ್ ಅಂಗಡಿಯಲ್ಲಿ ಆಸಿಡ್ ಇಲ್ಲದ ಮೌಂಟ್ ಬೋರ್ಡೇ ಬೇಕು ಅಂತ ಕೇಳಿ, ಹಿಂದೆ ಮಾಮೂಲಿ ರಟ್ಟು ಹಾಕಲು ಬಿಡಬೇಡಿ, ಕೆಲವು ವರ್ಷಕ್ಕೇ ಕಾಗದ ಕಂದಾಗುತ್ತದೆ. ಚಿತ್ರ ಗಾಜಿಗೆ ತಾಗಬಾರದು, ನಡುವೆ ಸ್ವಲ್ಪ ಜಾಗ ಇರಲಿ. ಸೆಲೋಟೇಪ್ ಅಂತೂ ಬೇಡವೇ ಬೇಡ. ಮಳೆ ಹೊಡೆಯುವ ಹೊರಗೋಡೆಗೆ ತೂಗುಹಾಕಬೇಡಿ, ಒಳಗೋಡೆ ನೋಡಿ, ಅದೂ ಕಿಟಕಿ ಬಿಸಿಲು ಬೀಳದ ಕಡೆ. ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಸಣ್ಣ ಬಿರಡೆ ತುಂಡು ಅಂಟಿಸಿ, ಗಾಳಿ ಆಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಆಗಾಗ ತೆಗೆದು ಹಿಂಭಾಗ ನೋಡುತ್ತಿರಿ. ಬೂಸ್ಟು ಕಂಡರೆ ಒರೆಸಬೇಡಿ, ಒಣಗಿದ ಕೋಣೆಗೆ ತಂದಿಟ್ಟು ಇಲ್ಲಿ ಫೋಟೋ ಹಾಕಿ.